ಮಂಚಿಕೇರಿಯ ಅಡುಗೆಮನೆಯ ಮದ್ದು

ಶಿರಸಿಯಿಂದ ಯಲ್ಲಾಪುರದ ಹಾದಿ ಹಿಡಿದರೆ ಅಡಿಕೆ ತೋಟಗಳನ್ನೂ ದಟ್ಟ ಕಾಡನ್ನೂ ದಾಟುತ್ತ ಮಂಚಿಕೇರಿ ಎದುರಾಗುತ್ತದೆ. ಇದು ಬೇಡ್ತಿ ನದಿಯ ಸೀಮೆಯ ಊರು. ಜೋಳದ ರೊಟ್ಟಿ, ಖಾರದ ಚಟ್ನಿಯ ಬಯಲುಸೀಮೆಯಿಂದ ಬಂದ ನಮ್ಮಂಥವರಿಗೆ ಇಲ್ಲಿನ ಹಸಿರಿಗಿಂತಲೂ ಹೆಚ್ಚು ಬೆರಗು ಮೂಡಿಸುವುದು ಊಟದ ಕ್ರಮ.

ಇಲ್ಲಿನ ಹವ್ಯಕರ ಮನೆಗಳಲ್ಲಿ ಬಂದವರಿಗೆ ಮೊದಲು ‘ಆಸರಿಗೆ’ ಕೊಡುತ್ತಾರೆ. ಬೇಸಿಗೆಯಾದರೆ ಮುರುಗಲು ಹಣ್ಣಿನ ಪಾನಕ. ಮಳೆಗಾಲವಾದರೆ ಜೀರಿಗೆ, ಕೊತ್ತಂಬರಿಯ ಬಿಸಿ ಕಷಾಯ. ಊಟದಲ್ಲಿ ಅನ್ನಕ್ಕೆ ತಂಬುಳಿ. ಸೊಪ್ಪನ್ನು ಜೀರಿಗೆ, ಮೆಣಸಿನ ಕಾಳಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನಕಾಯಿ ಸೇರಿಸಿ ಅರೆದು, ಮಜ್ಜಿಗೆಯಲ್ಲಿ ಕದಡುವುದಷ್ಟೆ, ಕುದಿಸುವುದಿಲ್ಲ. ನೆನಪಿನ ಶಕ್ತಿಗೆ ಒಂದೆಲಗ, ಕೆಮ್ಮು ನೆಗಡಿಗೆ ದೊಡ್ಡಪತ್ರೆ, ಹೊಟ್ಟೆ ಕೆಟ್ಟಾಗ ದಾಳಿಂಬೆಯ ಚಿಗುರು ಎಂಬುದು ಇಲ್ಲಿನ ತಾಯಂದಿರ ಅನುಭವ. ಹಿತ್ತಿಲ ಯಾವ ಎಲೆ ಯಾವ ತಿಂಗಳಲ್ಲಿ ಎಳೆಯದಾಗಿರುತ್ತದೆ ಎಂಬುದನ್ನು ಬಲ್ಲವರು ಮನೆಯ ಹಿರಿಯ ಹೆಂಗಸರೇ.

ಆಹಾರವನ್ನೇ ಮದ್ದೆಂದು ಎಣಿಸುವ ರೀತಿ ಮಲೆನಾಡಿಗೆ ಮಾತ್ರ ಸೀಮಿತವಲ್ಲ. ಚೀನಾ ದೇಶದ ವೈದ್ಯಪರಂಪರೆಯಲ್ಲಿಯೂ ಪದಾರ್ಥಗಳನ್ನು ಉಷ್ಣ, ತಂಪು ಎಂದು ವಿಂಗಡಿಸುತ್ತಾರೆ. ಚಳಿಗೆ ಶುಂಠಿ, ಸೆಕೆಗೆ ಹೆಸರುಕಾಳಿನ ಸಾರು, ರೋಗಿಗೆ ಅಕ್ಕಿಯ ಗಂಜಿ! ಅಲ್ಲಿನ ಅರಮನೆಯ ಆಹಾರಪಂಡಿತ ಹು ಸಿಹುಯಿ 1330ರಲ್ಲಿಯೇ ಆಹಾರಚಿಕಿತ್ಸೆಯ ಗ್ರಂಥವೊಂದನ್ನು ಚಕ್ರವರ್ತಿಗೆ ಒಪ್ಪಿಸಿದ್ದನು. ದೂರದ ಎರಡು ನಾಡುಗಳ ಅಡುಗೆಮನೆಗಳು ಒಂದೇ ಮಾತು ಹೇಳುತ್ತವೆ: ಋತುವಿಗೆ ತಕ್ಕಂತೆ, ಮಿತವಾಗಿ ಉಣ್ಣಬೇಕು.

ಈ ಮಿತವನ್ನು ಮರೆತಾಗ ಏನಾಗುವುದೆಂಬುದಕ್ಕೂ ಈ ಸೀಮೆಯ ಕಾಡಿನಲ್ಲಿಯೇ ಸಾಕ್ಷಿಯುಂಟು. ಅದು ಉಪ್ಪಾಗೆ. ಅದರ ಬೀಜದ ತುಪ್ಪವನ್ನು ಇಲ್ಲಿನವರು ಅಡುಗೆಗೆ ಬಳಸುತ್ತ ಬಂದಿದ್ದಾರೆ. ಹಣ್ಣಿನ ಸಿಪ್ಪೆಯ ಹುಳಿಯಲ್ಲಿ ಮೈತೂಕ ಇಳಿಸುವ ಗುಣವಿದೆಯೆಂಬ ಸುದ್ದಿ ಹಬ್ಬಿ, 1990ರ ದಶಕದಲ್ಲಿ ವಿದೇಶದ ಮಾತ್ರೆಗಳಿಗಾಗಿ ಬೇಡಿಕೆ ಏರಿತು. ಹಣ್ಣಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆಗಳನ್ನೇ ಕಡಿದರು; ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ಸೌದೆ ಉರಿಯಿತು. ಆದರೆ ಅಮೆರಿಕದಲ್ಲಿ 135 ಜನರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆ ಸತ್ವವು ಬರಿಯ ತೋರಿಕೆಯ ಮಾತ್ರೆಗಿಂತ ಹೆಚ್ಚೇನೂ ತೂಕ ಇಳಿಸಲಿಲ್ಲ. ಇಂಥ ಮಾತ್ರೆ ನುಂಗಿದ ಕೆಲವರ ಯಕೃತ್ತಿಗೆ ಹಾನಿಯಾದುದೂ ಮುಂದೆ ವರದಿಯಾಯಿತು.

ಆದುದರಿಂದ ಓದುಗ ಬಂಧುಗಳು ಎರಡು ಮಾತುಗಳನ್ನು ಮನಗಾಣಬೇಕು. ತಂಬುಳಿ, ಕಷಾಯಗಳು ನಿತ್ಯದ ಆರೋಗ್ಯಕ್ಕೆ ಊರುಗೋಲು. ಮಧುಮೇಹ, ರಕ್ತದೊತ್ತಡ ಉಳ್ಳವರು ಇವುಗಳನ್ನು ನೆಚ್ಚಿ ವೈದ್ಯರ ಔಷಧವನ್ನು ಬಿಡಲಾಗದು. ಇನ್ನೊಂದು, ಈ ಅರಿವು ಪುಸ್ತಕದಲ್ಲಿಲ್ಲ, ಹಿರಿಯರ ಕೈಯಲ್ಲಿದೆ. ಅವರೊಡನೆ ಹಿತ್ತಿಲಿಗಿಳಿದು ಎಲೆಯ ಗುರುತು ಕಲಿಯುವ ಮಕ್ಕಳಿಲ್ಲದಿದ್ದರೆ ನಾಳೆ ಒಂದೆಲಗವೂ ಬರಿಯ ಕಳೆಯೇ. ಅನ್ನವನ್ನು ಪ್ರಸಾದವೆಂದು ಸ್ವೀಕರಿಸುವ ನಮ್ಮ ಮನೆಗಳಲ್ಲಿ ಆ ಕಲಿಕೆ ಇಂದೇ ಮೊದಲಾಗಲಿ.