ಬರೆದಂತೆ ಓದಿದ ಹುಡುಗ

ಸಂಸ್ಕೃತ ಪಾಠಶಾಲೆಯಲ್ಲಿ ಶಿಕ್ಷಾಶಾಸ್ತ್ರವನ್ನು ಅಭ್ಯಾಸಮಾಡಿದವನಿಗೆ ಬರೆದುದನ್ನು ಬರೆದಂತೆಯೇ ಉಚ್ಚರಿಸುವುದು ವಿಧಿ. ಅಂತಹ ನನಗೆ, ಅಜ್ಜಂಪುರದ ಕಡೆಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಒಂದು ವರ್ಷ ಇಂಗ್ಲಿಷನ್ನು ಬೋಧಿಸುವ ಕೆಲಸವೂ ಬಂದೊದಗಿತು. ಆಗ ನಡೆದ ಸಂಗತಿಯೊಂದು ಇಂದಿಗೂ ನನ್ನನ್ನು ಬಾಧಿಸುತ್ತಿರುವುದು.

ರೈತನ ಮಗನೊಬ್ಬನು, ಸಾಲವೆಂಬ ಅರ್ಥವುಳ್ಳ ಇಂಗ್ಲಿಷ್ ಶಬ್ದವನ್ನು 'ಡೆಬ್ಟ್' ಎಂದು ಓದಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. "ಮಧ್ಯದಲ್ಲಿ 'ಬಿ' ಐತಲ್ಲ, ಸಾ?" ಎಂದು ಅವನು ಕೇಳಿದಾಗ, ಉತ್ತರವರಿಯದ ನಾನು ಬೆತ್ತವನ್ನೆತ್ತಿದೆನು. ಆ ವರ್ಷವೆಲ್ಲ ಅವನು ಮತ್ತೆ ಗಟ್ಟಿಯಾಗಿ ಓದಲಿಲ್ಲ.

ಉತ್ತರವು ನನಗೆ ದೊರೆತುದು ಬಹುಕಾಲದ ಮೇಲೆ. ಆ ಶಬ್ದವು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಬಕಾರವೇ ಇರಲಿಲ್ಲ. ಮುಂದೆ ಪಂಡಿತರು ಅದರ ಲ್ಯಾಟಿನ್ ಮೂಲವನ್ನು ತೋರಿಸುವುದಕ್ಕಾಗಿ ಆ ಅಕ್ಷರವನ್ನು ತಂದಿಟ್ಟರು. ಜನರ ನಾಲಗೆ ಅದನ್ನು ಒಪ್ಪಲಿಲ್ಲ. 'ನೈಫ್' ಎಂಬ ಶಬ್ದದ ಆದಿಯಲ್ಲಿ ಬರೆಯುವ ಕಕಾರವಾದರೋ ಹಿಂದೆ ನಿಜವಾಗಿಯೂ ಕೇಳಿಬರುತ್ತಿದ್ದಿತು. 1476ರಲ್ಲಿ ಕ್ಯಾಕ್ಸ್‌ಟನ್ನನು ಇಂಗ್ಲೆಂಡಿನಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದ ಮೇಲೆ ಅಕ್ಷರಗಳು ಕ್ರಮೇಣ ನೆಲೆನಿಂತವು. ಉಚ್ಚಾರಣೆಯು ಬದಲಾಗುತ್ತಲೇ ಹೋಯಿತು. ನಮ್ಮಲ್ಲಿ 'ಪಾಲು' ಎಂಬುದು 'ಹಾಲು' ಆದಾಗ ಬರಹವೂ ಬದಲಾಯಿತು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಮ್ಮ ಊರುಗಳ ಹೆಸರುಗಳನ್ನೇ ನೋಡಿರಿ. ಅಲ್ಲಿ ಮೂರ್ಧನ್ಯವಾದ ಡಕಾರಕ್ಕೂ ದಂತ್ಯವಾದ ದಕಾರಕ್ಕೂ ಒಂದೇ ಅಕ್ಷರ. ಪರಸ್ಥಳದವನು ಕಡೂರಿನ ಫಲಕವನ್ನು ನೋಡಿ 'ಕದೂರ್' ಎಂದರೆ ಅವನ ತಪ್ಪೇನು? ತರೀಕೆರೆಯು 'ಟರಿಕೆರೆ'ಯಾಗಬಹುದು, ರೀಕಾರದ ದೀರ್ಘವಂತೂ ಅಲ್ಲಿ ಕಾಣುವುದೇ ಇಲ್ಲ. 2014ರ ನವೆಂಬರ್ 1ರಂದು ಸರ್ಕಾರವು ಚಿಕ್ಕಮಗಳೂರು, ಶಿವಮೊಗ್ಗ ಮೊದಲಾದ 12 ಊರುಗಳ ಇಂಗ್ಲಿಷ್ ಬರಹವನ್ನು ಕನ್ನಡದ ನುಡಿಗೆ ಹತ್ತಿರವಾಗಿಸಿತು. ಆದರೂ ಚಿಕ್ಕಮಗಳೂರಿನ ಳಕಾರಕ್ಕೆ ಆ ಲಿಪಿಯಲ್ಲಿ ಇಂದಿಗೂ ಎಡೆಯಿಲ್ಲ.

ನಮ್ಮ ಊರಿನ ಹೆಸರನ್ನು ತಪ್ಪಾಗಿ ನುಡಿದ ಪರಸ್ಥಳದವನನ್ನು ನಾವು ಮೆಲ್ಲನೆ ತಿದ್ದುತ್ತೇವೆ. ಆ ಹುಡುಗನಿಗೆ ಅಷ್ಟು ಮರ್ಯಾದೆಯೂ ನನ್ನಿಂದ ದೊರೆಯಲಿಲ್ಲ. ಪಂಡಿತರು ತಂದಿಟ್ಟ ಅಕ್ಷರಕ್ಕಾಗಿ, ಪಂಡಿತನೆನಿಸಿಕೊಂಡ ನಾನು, ಕಂಡುದನ್ನು ಕಂಡಂತೆ ಓದಿದ ಬಾಲಕನನ್ನು ದಂಡಿಸಿದೆನು. ಅವನು ಈಗೆಲ್ಲಿರುವನೋ ಅರಿಯೆನು. ಇಂದು ನನ್ನ ಮೊಮ್ಮಗಳು ಇಂತಹ ಶಬ್ದವೊಂದರಲ್ಲಿ ಎಡವಿ "ಈ ಅಕ್ಷರ ಯಾಕೆ ತಾತ?" ಎಂದಾಗ, "ಕೇಳಿದ್ದು ನ್ಯಾಯವಾಗಿದೆ, ಮಗು" ಎಂದು ಹತ್ತಿರ ಕುಳ್ಳಿರಿಸಿಕೊಂಡು, ಆ ಅಕ್ಷರದ ಕಥೆಯನ್ನು ಹೇಳುತ್ತೇನೆ.