ತೊರೆ ಬಿಟ್ಟರೆ ದಾರಿ

ಹವಾಯಿ ದ್ವೀಪಸಮೂಹದ ಕವಾಯಿ ದ್ವೀಪದಲ್ಲಿ, ಕಡಿದಾದ ನಾ ಪಾಲಿ ಬೆಟ್ಟಗಳ ಮಡಿಲಲ್ಲಿ ಅಡಗಿದೆ ಹನಕಾಪಿಯಾಯ್ ಜಲಪಾತ. ಎತ್ತರ ಸುಮಾರು 300 ಅಡಿ. ಅಲ್ಲಿಗೆ ವಾಹನ ಹೋಗದು; ಕಾಲ್ನಡಿಗೆಯೇ ಗತಿ.

ಕೆಯೆ ಕಡಲತೀರದಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿಂದ ಸಮುದ್ರದಂಚಿನ ಏರಿಳಿತದ ಕಾಲುದಾರಿಯಲ್ಲಿ ಎರಡು ಮೈಲಿ ನಡೆದರೆ ತೊರೆ ಕಡಲು ಸೇರುವ ಜಾಗ. ಮತ್ತೆರಡು ಮೈಲಿ ಕಣಿವೆಯೊಳಗೆ. ಹೋಗಿಬರಲು ಒಟ್ಟು ಎಂಟು ಮೈಲಿ. ದಾರಿಯಲ್ಲಿ ಬಿದಿರ ಮೆಳೆ, ಸೀಬೆ ಮರಗಳು, ಹಿಂದಿನ ಹವಾಯಿಯನ್ನರು ಕೆಸುವು ಬೆಳೆಯಲು ಕಲ್ಲುಕಟ್ಟಿ ಮಾಡಿದ ಮೆಟ್ಟಿಲು ಗದ್ದೆಗಳು. ಮಲೆನಾಡಿನಲ್ಲಿ ಪತ್ರೊಡೆಗೆ ಎಲೆ ಕೊಡುವ ಕೆಸುವೇ ಅಲ್ಲಿ ಗೆಡ್ಡೆಗಾಗಿ ಮುಖ್ಯ ಆಹಾರವಾಗಿತ್ತು!

ತೊರೆಗೆ ಸೇತುವೆಯಿಲ್ಲ, ಹಲವು ಸಲ ನೀರಿಗಿಳಿದೇ ದಾಟಬೇಕು. ಅಪಾಯವಿರುವುದು ಇಲ್ಲೇ. ಕಣಿವೆಯಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿದರೆ, ಮೊಣಕಾಲುದ್ದದ ನೀರು ನೋಡನೋಡುತ್ತಲೇ ಪ್ರವಾಹವಾಗುತ್ತದೆ. 2018ರ ಏಪ್ರಿಲ್‌ನಲ್ಲಿ ಇದೇ ದ್ವೀಪದ ವೈಪಾದಲ್ಲಿ 24 ಗಂಟೆಗಳಲ್ಲಿ 49.69 ಅಂಗುಲ ಮಳೆಯಾಗಿ ಅಮೆರಿಕದಲ್ಲೇ ದಾಖಲೆಯಾಯಿತು. ಆ ಬಳಿಕ ಕಾಲುದಾರಿ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. 2019ರಲ್ಲಿ ತೆರೆದಾಗಿನಿಂದ ಹೊರಗಿನ ಪ್ರವಾಸಿಗರು ಮುಂಗಡವಾಗಿ ಪ್ರವೇಶ ಕಾದಿರಿಸಬೇಕು.

ಉಕ್ಕುವ ತೊರೆಯನ್ನು ದಾಟಹೋಗಿ ಜೀವ ಕಳೆದುಕೊಂಡವರಿದ್ದಾರೆ. ಎತ್ತರದ ದಂಡೆಯಲ್ಲಿ ರಾತ್ರಿಯೆಲ್ಲ ಕಾದು, ಹಸಿದರೂ ಕ್ಷೇಮವಾಗಿ ಮರಳಿದವರೂ ಇದ್ದಾರೆ. ಮಳೆಗಾಲದಲ್ಲಿ ಸಹ್ಯಾದ್ರಿಯ ಜಲಪಾತಗಳಿಗೆ ಹೊರಡುವ ವಿದ್ಯಾರ್ಥಿಗಳೂ ಇದನ್ನು ನೆನಪಿಡಬೇಕು: ನೀರು ಕೆಂಪಾಗಿ ಏರತೊಡಗಿದರೆ ದಾಟಬಾರದು. ಮಕ್ಕಳು ತಡವಾಗಿ ಬಂದರೆ ಹೆತ್ತವರೂ ಗದರಬಾರದು; ಆ ಗದರಿಕೆಯ ಭಯವೇ ಹಲವರನ್ನು ನೀರಿಗಿಳಿಸುತ್ತದೆ.