ಅಂಚು ಕರಗಿಸುವ ವಿದ್ಯೆ

ಅಪ್ಪನ ತಿಥಿಗೆ ಒಂದು ಫೋಟೋ ಬೇಕಿತ್ತು. ಮುಖ ಚೆನ್ನಾಗಿ ಬಂದದ್ದೆಂದರೆ ಒಂದೇ, ಅದೂ ಚಿಕ್ಕಪ್ಪನ ಜೊತೆ ನಿಂತದ್ದು. ಜಮೀನಿನ ಜಗಳದಲ್ಲಿ ನಮ್ಮ ಎರಡು ಮನೆಗಳ ನಡುವೆ ಮಾತು ನಿಂತು ವರ್ಷಗಳಾಗಿದ್ದವು. "ತಾತನನ್ನು ಮಾತ್ರ ಕತ್ತರಿಸಿಕೊಡು" ಎಂದೆ ಮಗಳಿಗೆ.

ಫೋಟೋಶಾಪಿನಲ್ಲಿ ಅವಳು ಗೆರೆ ಎಳೆದು ಕತ್ತರಿಸಿದಾಗ ಅಪ್ಪ ರಟ್ಟಿನ ಬೊಂಬೆಯಂತೆ ಕಂಡರು. 'ಫೆದರ್' ಎಂಬಲ್ಲಿ 20 ಪಿಕ್ಸೆಲ್ ಕೊಟ್ಟು ಮತ್ತೆ ಕತ್ತರಿಸಿದಳು. ಅಂಚು ಮಂಜಿನಂತೆ ಕರಗಿತು. ಗುಟ್ಟು ಸರಳ. ಪ್ರತಿ ಬಿಂದುವಿಗೂ 0ಯಿಂದ 255ರವರೆಗೆ ಒಂದು ಅಂಕಿ. 255 ಇದ್ದಲ್ಲಿ ಚಿತ್ರ ಪೂರ್ತಿ ಕಾಣುತ್ತದೆ, 0 ಇದ್ದಲ್ಲಿ ಏನೂ ಇಲ್ಲ, ನಡುವೆ ಅರೆಬರೆ. ಗ್ರಹಣದ ಪಾಠದಲ್ಲಿ ನಾನು ಹೇಳುವ ಅರೆನೆರಳಿನ ಹಾಗೆಯೇ. ಹಿಂದೆ ಸ್ಟುಡಿಯೋದವರು ಡಾರ್ಕ್‌ರೂಮಿನಲ್ಲಿ ತೂತು ಕೊರೆದ ರಟ್ಟನ್ನು ಬೆಳಕಿಗೆ ಅಡ್ಡ ಹಿಡಿದು ಅಲ್ಲಾಡಿಸುತ್ತಿದ್ದುದೂ ಇದಕ್ಕೇ.

"ಅಪ್ಪಾ, ತಾತನ ಭುಜದ ಮೇಲೆ ಯಾರದೋ ಬೆರಳು ಉಳಿದಿವೆ. ಇನ್ನಷ್ಟು ಕರಗಿಸಲಾ?"

ಚಿಕ್ಕಪ್ಪನ ಬೆರಳು. ಅವು ಮಾಯವಾಗಬೇಕಾದರೆ ಅಪ್ಪನ ಭುಜವೂ ಹೋಗಬೇಕಿತ್ತು.

"ಬೇಡಮ್ಮ, ಇಡೀ ಫೋಟೋನೇ ಇರಲಿ" ಎಂದೆ.

ಅಂದು ಸಂಜೆಯೇ ಹೋಗಿ ಚಿಕ್ಕಪ್ಪನನ್ನು ತಿಥಿಗೆ ಕರೆದೆ. ಬಂದವರು ಆ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದರು.